ಸೂರ್ಯಾಸ್ತಕ್ಕೆ ಗ್ರೇಸ್ ಮಾರ್ಕ್ಸ್

ಮರವಂತೆಯ ಕಡಲದಂಡೆಯಲ್ಲಿ ಟ್ರೈಪಾಡ್ ಊರಿ ನಿಂತವನಿಗೆ ಖಾಸಗಿ ಬದುಕು ಅಂತ ಒಂದು ಇರುವುದಿಲ್ಲ. ಆ ಮೂರು ಕಾಲಿನ ಸಾಮಾನು ನೆಲ ಮುಟ್ಟಿದ ಕೂಡಲೇ ನೀವು ಊರಿನ ಸೊತ್ತು. ಚುರುಮುರಿ ಪೊಟ್ಟಣ ಹಿಡಿದವರು, ಉಡುಪಿ ಮುಗಿಸಿ ಮುರುಡೇಶ್ವರಕ್ಕೆ ಹೊರಟ ಟೆಂಪೊ ಟ್ರಾವೆಲರಿನವರು, ಬಲೆ ರಿಪೇರಿ ಮಾಡಿ ಎದ್ದು ಬಂದವರು, ಎಲ್ಲರೂ ಒಂದು ಸುತ್ತು ಹಾಕಿ ನೋಡಿಯೇ ಹೋಗುವುದು. ಹೆದ್ದಾರಿ ಪಕ್ಕದ ಊರಾದ್ದರಿಂದ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಸರ್ವೆಯವ್ರಾ? ಪುನಃ ರೋಡ್ ಅಗಲ ಮಾಡ್ತಾರಾ ಎಂತ?” ಅಲ್ಲ ಅಂದರೆ ಅವರಿಗೆ ನೆಮ್ಮದಿ, ಆದರೆ ಕುತೂಹಲ ಮುಗಿದಿರುವುದಿಲ್ಲ. “ಮತ್ತೆ ಇದು ಫೋಟೋನಾ, ವಿಡಿಯೋನಾ?”

ಫೋಟೋವೇ, ಆದರೆ ಆಮೇಲೆ ವಿಡಿಯೋ ಆಗುತ್ತದೆ ಎಂದು ಹೇಳಿದರೆ ನಿಮ್ಮ ಮೇಲಿನ ಅನುಮಾನ ಇನ್ನೊಂದಿಷ್ಟು ಗಟ್ಟಿಯಾಗುತ್ತದೆ. ಐದೈದು ಸೆಕೆಂಡಿಗೆ ಒಂದು ಫೋಟೋ ತೆಗೆಯುತ್ತ ಹೋಗುವುದು, ಮನೆಗೆ ಹೋಗಿ ಅವನ್ನೆಲ್ಲ ಸೆಕೆಂಡಿಗೆ ಇಪ್ಪತ್ತೈದರ ಲೆಕ್ಕದಲ್ಲಿ ಓಡಿಸುವುದು. ಟೈಮ್‌ಲ್ಯಾಪ್ಸ್ ಎಂದರೆ ಇಷ್ಟೇ. ಒಂದು ಗಂಟೆ ನಿಂತರೆ 720 ಫೋಟೋ; ಓಡಿಸಿದರೆ ಅರ್ಧ ನಿಮಿಷಕ್ಕೂ ಕಮ್ಮಿ. “ಒಂದು ಗಂಟೆ ಬಿಸಿಲಲ್ಲಿ ನಿಂತದ್ದು ಅರ್ಧ ನಿಮಿಷಕ್ಕಾ ಮಾರಾಯ್ರೆ?” ಎಂದು ಕೇಳಿದವರ ಮುಖದಲ್ಲಿದ್ದದ್ದು ತಮಾಷೆಯಲ್ಲ, ನಿಜವಾದ ಕನಿಕರ. ಅವರಿಗೆ ಇನ್ನೊಂದು ಲೆಕ್ಕ ಹೇಳಿದ್ದರೆ ನನ್ನನ್ನು ಕೈಹಿಡಿದು ಮನೆ ಮುಟ್ಟಿಸುತ್ತಿದ್ದರೇನೋ. ನಮ್ಮ ಕರಾವಳಿಯಲ್ಲಿ ಸೂರ್ಯನ ಬಿಂಬದ ಕೆಳಅಂಚು ಕಡಲಿನ ಗೆರೆಯನ್ನು ಮುಟ್ಟಿದಾಗಿನಿಂದ ಮೇಲಿನ ಅಂಚು ಮರೆಯಾಗುವವರೆಗೆ ಹಿಡಿಯುವುದು ಎರಡು ನಿಮಿಷ ಚಿಲ್ಲರೆ. ಐದು ಸೆಕೆಂಡಿಗೊಂದರಂತೆ ಅಷ್ಟರಲ್ಲಿ ಸಿಗುವುದು 26 ಫೋಟೋ. ಅಂದರೆ ವಿಡಿಯೋದಲ್ಲಿ ಒಂದು ಸೆಕೆಂಡು. ಜನ ಗಾಡಿ ಮಾಡಿಕೊಂಡು ಬಂದು ನೋಡುವ ಸೂರ್ಯಾಸ್ತ ಆ ಒಂದು ಸೆಕೆಂಡು.

ಅದೂ ನಿಜವಾದದ್ದಲ್ಲ. ಕ್ಷಿತಿಜದ ಹತ್ತಿರ ಗಾಳಿ ಬೆಳಕನ್ನು ಎಷ್ಟು ಬಗ್ಗಿಸುತ್ತದೆಂದರೆ, ಬಿಂಬ ನೀರನ್ನು ಮುಟ್ಟಿತು ಎಂದು ನಮಗೆ ಕಾಣುವ ಹೊತ್ತಿಗೆ ಸೂರ್ಯ ಪೂರ್ತಿಯಾಗಿ ಆ ಗೆರೆಯಿಂದ ಕೆಳಗಿರುತ್ತಾನೆ. ಬಗ್ಗುವಿಕೆ ಅರ್ಧ ಡಿಗ್ರಿಗಿಂತ ಚೂರು ಹೆಚ್ಚು, ಬಿಂಬದ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಮುಳುಗಿ ಆದವನು ಮುಳುಗುವುದನ್ನು ನೋಡಲು ನಾವು ಪಾರ್ಕಿಂಗಿಗೆ ದುಡ್ಡು ಕೊಡುತ್ತೇವೆ.

ಬಿಂಬ ಮರೆಯಾದ ಕೂಡಲೇ ಜನ ಚಪ್ಪಲಿ ಹುಡುಕುತ್ತಾರೆ, ಮಕ್ಕಳ ಕಾಲಿನ ಮರಳು ಕೊಡವುತ್ತಾರೆ, ಕಾರುಗಳು ಒಂದರ ಹಿಂದೊಂದು ಹೆದ್ದಾರಿ ಸೇರುತ್ತವೆ. ನನ್ನ ಕೆಲಸ ಶುರುವಾಗುವುದು ಆವಾಗ. ಎತ್ತರದಲ್ಲಿ ತೆಳು ಮೋಡ ಇದ್ದರೆ ಅದರ ಹೊಟ್ಟೆಗೆ ಕೆಳಗಿನಿಂದ ಬೆಳಕು ಬಿದ್ದು ಆಕಾಶ ಹೊತ್ತಿಕೊಳ್ಳುವುದು ಸೂರ್ಯ ಹೋದ ಹತ್ತು ಹದಿನೈದು ನಿಮಿಷದ ಮೇಲೆ. ಆ ಹೊತ್ತಿನಲ್ಲೇ ಬೆಳಕು ಹಿಂದೆಂದೂ ಇಲ್ಲದ ವೇಗದಲ್ಲಿ ಜಾರುತ್ತಿರುತ್ತದೆ. ಕ್ಯಾಮೆರಾಕ್ಕೆ ಎಷ್ಟು ಬೆಳಕು ಕೊಡಬೇಕು, ಯಾವಾಗ ಹೆಚ್ಚಿಸಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂಬ ಎಕ್ಸ್‌ಪೋಷರಿನ ಪಂಚಾಯಿತಿಕೆಯೆಲ್ಲ ಈ ಅರ್ಧ ಮುಕ್ಕಾಲು ಗಂಟೆಯದ್ದು.

ನನ್ನ ಸೋದರಳಿಯ ಸ್ಟಾಕ್‌ಹೋಮಿನಲ್ಲಿದ್ದಾನೆ. ಅವನಿಗೂ ಇದೇ ಹುಚ್ಚು. ಯಾರಿಂದ ಯಾರಿಗೆ ಹತ್ತಿತು ಎಂಬುದರ ಬಗ್ಗೆ ನನಗೂ ತಂಗಿಗೂ ಬೇರೆ ಬೇರೆ ಅಭಿಪ್ರಾಯ ಇದೆ. ಒಂದು ಜೂನಿನಲ್ಲಿ ವಾಟ್ಸ್ಯಾಪಿನಲ್ಲಿ ಉದ್ದ ವಾಯ್ಸ್ ಮೆಸೇಜ್ ಕಳಿಸಿದ: “ಮಾವ, ಗಡಿಬಿಡಿ ಮಾಡ್ಕೋಬೇಡಿ. ಹತ್ತು ಹನ್ನೆರಡು ನಿಮಿಷಕ್ಕೆ ಒಂದು ಸ್ಟಾಪ್ ಏರಿಸಿದ್ರೆ ಸಾಕು. ನಡುವೆ ಆರಾಮಾಗಿ ಕಾಫಿ ಕುಡೀಬಹುದು.” ಗೊತ್ತಿಲ್ಲದವರಿಗೆ: ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟಾಗುವುದು ಅಥವಾ ಅರ್ಧವಾಗುವುದು. ಶಟರ್ 1/60 ಸೆಕೆಂಡು ಇದ್ದದ್ದನ್ನು 1/30 ಮಾಡಿದರೆ ಒಂದು ಸ್ಟಾಪ್ ಏರಿತು. ಐಎಸ್‌ಒ 100 ಇದ್ದದ್ದನ್ನು 200 ಮಾಡಿದರೂ ಅಷ್ಟೇ.

ಅಳಿಯ ಹೇಳಿದ್ದು ಅವನ ಊರಿಗೆ ಸರಿ. ಅಲ್ಲಿ ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಮೇಲೆ, ಅದೂ ಕ್ಷಿತಿಜಕ್ಕೆ ಓರೆಯಾಗಿ, ಇಳಿಜಾರಿನಲ್ಲಿ ಜಾರಿದ ಹಾಗೆ. ನಡುರಾತ್ರಿಯಲ್ಲೂ ಅವನು ಕ್ಷಿತಿಜದಿಂದ ಏಳು ಡಿಗ್ರಿಯಷ್ಟೇ ಕೆಳಗಿರುತ್ತಾನೆ. ಸಂಜೆಯ ಬೆಳಕು ಪೂರ್ತಿ ಆರುವುದರೊಳಗೆ ಬೆಳಗಾಗಿರುತ್ತದೆ. ನಮ್ಮದು ಹದಿಮೂರು ಹದಿನಾಲ್ಕು ಡಿಗ್ರಿ ಅಕ್ಷಾಂಶ. ಇಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ, ಬಾವಿಗೆ ಕೊಡ ಬಿಟ್ಟ ಹಾಗೆ ಇಳಿಯುತ್ತಾನೆ. ಬಲಕ್ಕೆ, ಅಂದರೆ ಉತ್ತರಕ್ಕೆ, ಕೊಂಚ ವಾಲುತ್ತಾನೆ ನಿಜ. ಫ್ರೇಮ್ ಇಡುವಾಗ ಬಲಗಡೆ ಸ್ವಲ್ಪ ಜಾಗ ಬಿಟ್ಟರೆ ಅಷ್ಟು ಸಾಕು.

ಬೆಳಕಿನ ಲೆಕ್ಕ ನೋಡಿ. ನೆತ್ತಿಯ ಬಿಸಿಲಿನಲ್ಲಿ ನೆಲಕ್ಕೆ ಬೀಳುವ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ಶುಭ್ರ ಆಕಾಶದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಅದು 400ರ ಆಸುಪಾಸು. ಮಧ್ಯಾಹ್ನದಿಂದ ಸಂಜೆಯವರೆಗೆ ಆರು ಗಂಟೆಯಲ್ಲಿ ಇಳಿದದ್ದು ಎಂಟು ಸ್ಟಾಪ್. ಅಲ್ಲಿಂದ ಮುಂದೆ ಸೂರ್ಯ ಕ್ಷಿತಿಜದಿಂದ ಆರು ಡಿಗ್ರಿ ಕೆಳಗೆ ಹೋಗುವಷ್ಟರಲ್ಲಿ ಉಳಿಯುವುದು ಮೂರೂವರೆ ಲಕ್ಸಿಗೂ ಕಮ್ಮಿ. ಇದು ಏಳು ಸ್ಟಾಪ್, ಮತ್ತು ನಮ್ಮಲ್ಲಿ ಇದಕ್ಕೆ ಹಿಡಿಯುವುದು ಇಪ್ಪತ್ತೊಂದು ಇಪ್ಪತ್ತೆರಡು ನಿಮಿಷ. ಆರು ಗಂಟೆಯಲ್ಲಿ ಆದದ್ದು ಇಪ್ಪತ್ತೆರಡು ನಿಮಿಷದಲ್ಲಿ! ಮೂರು ನಿಮಿಷಕ್ಕೊಂದು ಸ್ಟಾಪ್ ಬಿದ್ದಿತು. ಇದು ನೆಲದ ಮೇಲೆ ಬೀಳುವ ಬೆಳಕಿನ ಮಾತು. ಪಡುವಣ ಆಕಾಶದ ಕೆಂಪು ಇನ್ನೊಂದಿಷ್ಟು ತಡೆದು ನಿಲ್ಲುತ್ತದೆ. ಆದರೂ ಕಾಫಿ ಕುಡಿಯುವ ಮಾತು ಬೇಡ. ಸ್ಟಾಕ್‌ಹೋಮಿನ ಸಲಹೆ ಹಿಡಿದು ಮರವಂತೆಯಲ್ಲಿ ನಿಂತರೆ ಮೊದಲ ಕಾಫಿ ಮುಗಿಯುವುದರೊಳಗೆ ನಿಮ್ಮ ಕ್ಯಾಮೆರಾ ಕತ್ತಲೆಯ ಫೋಟೋ ತೆಗೆಯುತ್ತಿರುತ್ತದೆ. ಇಂಗ್ಲೆಂಡು, ಜರ್ಮನಿಯವರು ಬರೆದ ಪುಸ್ತಕಗಳಲ್ಲಿ ಸಂಜೆ ತುಂಬ ಉದ್ದ ಇರುತ್ತದೆ. ನಮ್ಮ ಸಂಜೆಗೆ ನಮ್ಮದೇ ಗಡಿಯಾರ ಬೇಕು.

ಅದು ನಮ್ಮಲ್ಲಿ ಇದ್ದೇ ಇದೆ. ಪಂಚಾಂಗದವರ ಘಳಿಗೆ. ದಿನಕ್ಕೆ ಅರವತ್ತು ಘಳಿಗೆ, ಒಂದು ಘಳಿಗೆಗೆ ಇಪ್ಪತ್ನಾಲ್ಕು ನಿಮಿಷ. ಭೂಮಿ ಒಂದು ದಿನದಲ್ಲಿ 360 ಡಿಗ್ರಿ ತಿರುಗುವುದರಿಂದ ಒಂದು ಘಳಿಗೆಗೆ ಸರಿಯಾಗಿ ಆರು ಡಿಗ್ರಿ ಆಯಿತು. ಖಗೋಳದವರು ಸಂಜೆಗತ್ತಲನ್ನು ಮೂರು ಪಾಲು ಮಾಡಿದ್ದಾರೆ, ಒಂದೊಂದೂ ಆರು ಡಿಗ್ರಿ: ಮೊದಲನೆಯದರಲ್ಲಿ ದೀಪವಿಲ್ಲದೆ ಅಂಗಳದ ಕೆಲಸ ನಡೆಯುತ್ತದೆ, ಎರಡನೆಯದರಲ್ಲಿ ಕಡಲಿನ ಗೆರೆ ಇನ್ನೂ ಕಾಣುತ್ತದೆ, ಮೂರನೆಯದು ಮುಗಿದರೆ ಪೂರ್ತಿ ರಾತ್ರಿ. ಸೂರ್ಯ ನೆಟ್ಟಗೆ ಇಳಿಯುವ ನಮ್ಮಂಥ ಊರಿನಲ್ಲಿ ಮಾತ್ರ ಈ ಒಂದೊಂದು ಪಾಲೂ ಹೆಚ್ಚುಕಮ್ಮಿ ಒಂದೊಂದು ಘಳಿಗೆ. ಸ್ಟಾಕ್‌ಹೋಮಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಹಾಗಾಗಿ ನಾನು ಅಳಿಯನಿಗೆ ಹೇಳುವುದು: ಮೊದಲ ಘಳಿಗೆಯಲ್ಲಿ ಏಳು ಸ್ಟಾಪ್, ಎರಡನೆಯದರಲ್ಲಿ ಇನ್ನೊಂದು ಎಂಟು ಚಿಲ್ಲರೆ. “ಮಾವ, ನೀವು ಕ್ಯಾಮೆರಾ ಮ್ಯಾನುಯಲ್ ಹೇಳ್ತಿದ್ದೀರೋ, ಪಂಚಾಂಗ ಓದ್ತಿದ್ದೀರೋ” ಎಂದ. ಎರಡೂ ಅಂದೆ.

ಇಷ್ಟು ವೇಗದಲ್ಲಿ ಬೆಳಕು ಹೋಗುತ್ತಿದ್ದರೂ ಪಕ್ಕದಲ್ಲಿ ನಿಂತವರು “ಇನ್ನೂ ಲಾಯ್ಕ ಬೆಳಕುಂಟಲ್ಲ” ಅನ್ನುತ್ತಿರುತ್ತಾರೆ. ಕಣ್ಣಿನ ಪಾಪೆ ಹಿಗ್ಗಿ ಮೂರು ಸ್ಟಾಪಿನಷ್ಟು ಬೆಳಕನ್ನು ಗುಟ್ಟಾಗಿ ಸರಿದೂಗಿಸಿರುತ್ತದೆ. ಉಳಿದದ್ದನ್ನು ಅಕ್ಷಿಪಟಲ ನಿಧಾನಕ್ಕೆ ಹೊಂದಿಸಿಕೊಳ್ಳುತ್ತದೆ. ಕತ್ತಲಿಗೆ ಪೂರ್ತಿ ಒಗ್ಗಲು ಕಣ್ಣಿಗೆ ಅರ್ಧ ಗಂಟೆ ಬೇಕು, ನಮ್ಮ ಸಂಜೆ ತೆಗೆದುಕೊಳ್ಳುವುದೂ ಅಷ್ಟೇ ಹೊತ್ತು. ಅದಕ್ಕೇ ಕತ್ತಲಾದದ್ದು ನಮಗೆ ತಿಳಿಯುವುದು ಯಾರೋ ಟಾರ್ಚ್ ಹಾಕಿದಾಗ. ಎಕ್ಸ್‌ಪೋಷರನ್ನು ಕಣ್ಣಂದಾಜಿನಲ್ಲಿ ಇಡಲು ಹೋದವರೆಲ್ಲ ಮೋಸಹೋಗುವುದು ಇಲ್ಲಿ. ಕ್ಯಾಮೆರಾದ ಹಿಸ್ಟೋಗ್ರಾಮ್, ಅಂದರೆ ಫೋಟೋದಲ್ಲಿ ಕಪ್ಪೆಷ್ಟು ಬಿಳುಪೆಷ್ಟು ಎಂದು ತೋರಿಸುವ ನಕ್ಷೆ, ನೋಡಬೇಕು, ಪರದೆಯ ಚಿತ್ರವನ್ನಲ್ಲ. ಕತ್ತಲಲ್ಲಿ ಆ ಪುಟ್ಟ ಪರದೆ ಎಂಥ ಕಪ್ಪು ಫೋಟೋವನ್ನೂ ಝಗಝಗ ತೋರಿಸುತ್ತದೆ.

ಹಾಗಾದರೆ ಈ ತಲೆಬಿಸಿಯನ್ನೆಲ್ಲ ಕ್ಯಾಮೆರಾಕ್ಕೇ ಬಿಟ್ಟರೆ? ಆಟೋ ಅಂತ ಒಂದು ಇದೆಯಲ್ಲ. ಇದೆ. ಆಟೋ ಮೋಡ್ ಎಂದರೆ ಯಾರನ್ನೂ ಫೇಲ್ ಮಾಡಲಾರದ ಮೇಷ್ಟ್ರು. ಎದುರಿಗೆ ಏನೇ ಬರಲಿ, ಅದನ್ನು ನಡುಮಟ್ಟದ ಬೂದುಬಣ್ಣಕ್ಕೆ ತಂದು ನಿಲ್ಲಿಸಿ ಪಾಸ್ ಮಾಡುವುದು ಅದರ ಧರ್ಮ. ಬಿಳಿ ಹೆಚ್ಚಿದ್ದರೆ ಮಾರ್ಕು ಕಡಿತ, ಕಪ್ಪು ಹೆಚ್ಚಿದ್ದರೆ ಗ್ರೇಸ್ ಮಾರ್ಕ್ಸ್. ಹುಟ್ಟುಹಬ್ಬದ ಫೋಟೋಕ್ಕೆ ಇದು ಒಳ್ಳೆಯ ಮೇಷ್ಟ್ರೇ. ಸೂರ್ಯಾಸ್ತಕ್ಕೆ ಮಾತ್ರ ಅಲ್ಲ. ಬೆಳಕು ಏಳು ಸ್ಟಾಪ್ ಇಳಿದರೆ ಅದು ಏಳೂ ಸ್ಟಾಪನ್ನು ವಾಪಸ್ ಕೊಟ್ಟುಬಿಡುತ್ತದೆ. ಕೊನೆಯ ಫೋಟೋ ಮೊದಲನೆಯದರಷ್ಟೇ ಬೆಳ್ಳಗೆ. ವಿಡಿಯೋ ಓಡಿಸಿದರೆ ಸೂರ್ಯ ಬಂದ, ಹೋದ. ಸಂಜೆ ಆಗಲೇ ಇಲ್ಲ. ಮೋಡ ಅಡ್ಡ ಬಂದರೆ ಒಮ್ಮೆ ಬೆಳಗುತ್ತದೆ, ಸರಿದರೆ ಒಮ್ಮೆ ಕಪ್ಪಾಗುತ್ತದೆ. ಬಣ್ಣಕ್ಕೂ ಆಟೋ ಇಟ್ಟಿದ್ದರೆ ಇನ್ನೂ ಚೆಂದ: ಕಿತ್ತಳೆ ಬಣ್ಣ ಯಾವುದೋ ಬಲ್ಬಿನ ದೋಷ ಎಂದುಕೊಂಡು ಅದನ್ನೂ ತಿದ್ದಿ, ನೀವು ನೋಡಲು ಬಂದ ಸಂಗತಿಯನ್ನೇ ತೊಳೆದು ಕೊಡುತ್ತದೆ. ವೈಟ್ ಬ್ಯಾಲೆನ್ಸನ್ನು ಹಗಲಿನ ಬೆಳಕಿಗೆ, ಅಂದರೆ 5500 ಕೆಲ್ವಿನಿನ ಸುತ್ತಮುತ್ತ, ಕಟ್ಟಿಹಾಕಿ ಮರೆತುಬಿಡುವುದು ಒಳ್ಳೆಯದು. ಈ ಒಂದು ವಿಷಯದಲ್ಲಿ ನಾನು ಚರ್ಚೆಗೆ ಸಿದ್ಧನಿಲ್ಲ.

ನನ್ನ ವಾದ ಇಷ್ಟೇ: ಸರಿಯಾದ ಎಕ್ಸ್‌ಪೋಷರ್ ಯಾವುದು ಎಂದು ಕೇಳುವ ಮೊದಲು, ಕೊನೆಯ ಫೋಟೋ ಎಷ್ಟು ಕಪ್ಪಿರಬೇಕು ಎಂದು ತೀರ್ಮಾನಿಸಿಕೊಳ್ಳಬೇಕು. ಸೂರ್ಯಾಸ್ತದ ವಿಡಿಯೋದಲ್ಲಿ ಕತ್ತಲಾಗಬೇಕು. ಬೆಳಕು ಏಳು ಸ್ಟಾಪ್ ಇಳಿದರೆ ನಾನು ಏರಿಸುವುದು ನಾಲ್ಕೂವರೆ, ಹೆಚ್ಚೆಂದರೆ ಐದು. ಉಳಿದ ಎರಡು ಚಿಲ್ಲರೆ ಸ್ಟಾಪ್ ಸಂಜೆಯ ಪಾಲು. ಅದನ್ನು ಕಿತ್ತುಕೊಳ್ಳುವುದಕ್ಕೆ ನಮಗೆ ಹಕ್ಕಿಲ್ಲ. ಅಳಿಯನಿಗೆ ಇದು ಒಪ್ಪಿಗೆಯಿಲ್ಲ. ಕೊನೆಯಲ್ಲೂ ಬಂಡೆ, ನೊರೆ, ದೋಣಿ ಎಲ್ಲ ಸ್ಪಷ್ಟ ಕಾಣಬೇಕು ಅನ್ನುತ್ತಾನೆ. ಅವನ ವಿಡಿಯೋಗಳಿಗೆ ಲೈಕು ಹೆಚ್ಚು ಬರುವುದು ನಿಜ.

ಈ ಜಗಳದಲ್ಲಿ ನನ್ನ ಕಡೆಗೆ ಒಬ್ಬ ದೊಡ್ಡ ಸಾಕ್ಷಿ ಇದ್ದಾನೆ. 1941ರ ನವೆಂಬರ್ 1ರ ಸಂಜೆ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಹೆರ್ನಾಂಡೆಜ್ ಎಂಬ ಹಳ್ಳಿಯ ಪಕ್ಕ ಛಾಯಾಗ್ರಾಹಕ ಆ್ಯನ್ಸೆಲ್ ಆ್ಯಡಮ್ಸ್ ಕಾರು ಓಡಿಸಿಕೊಂಡು ಹೋಗುತ್ತಿದ್ದ. ಪೂರ್ವದಲ್ಲಿ ಚಂದ್ರ ಎದ್ದಿದ್ದಾನೆ, ಬೆನ್ನ ಹಿಂದೆ ಸೂರ್ಯ ಮುಳುಗುತ್ತಿದ್ದಾನೆ, ಇಗರ್ಜಿಯ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಗಾಡಿ ನಿಲ್ಲಿಸಿ ದೊಡ್ಡ ಪ್ಲೇಟಿನ ಕ್ಯಾಮೆರಾವನ್ನು ಹೇಗೋ ನಿಲ್ಲಿಸಿದರೆ, ಬೆಳಕು ಅಳೆಯುವ ಮೀಟರ್ ಸಿಗಲಿಲ್ಲ. ಗಾಡಿಯಲ್ಲಿ ಎಲ್ಲೋ ಇದೆ, ಹುಡುಕುತ್ತ ಕೂರಲು ಹೊತ್ತಿಲ್ಲ. ಆಗ ಆತನಿಗೆ ಚಂದ್ರನ ಹೊಳಪು ಇಂತಿಷ್ಟು, ಚದರಡಿಗೆ 250 ಕ್ಯಾಂಡಲ್, ಎಂಬ ಅಂಕಿ ನೆನಪಾಯಿತು. ಅದನ್ನೇ ಹಿಡಿದು ಮನಸ್ಸಿನಲ್ಲೇ ಲೆಕ್ಕ ಹಾಕಿ ಎಫ್/32ರಲ್ಲಿ ಒಂದು ಸೆಕೆಂಡು ಬೆಳಕು ಕೊಟ್ಟ. ಇನ್ನೊಂದು ತೆಗೆಯೋಣವೆಂದು ಪ್ಲೇಟ್ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಒಂದೇ ನೆಗೆಟಿವ್. ಅದನ್ನು ದಶಕಗಳ ಕಾಲ ಮತ್ತೆ ಮತ್ತೆ ಮುದ್ರಿಸಿದ. ಮೊದಮೊದಲಿನ ಪ್ರತಿಗಳಲ್ಲಿ ಆಕಾಶ ತಿಳಿಯಾಗಿ, ಮೋಡ ಚದುರಿಕೊಂಡು ಕಾಣುತ್ತದೆ. ವರ್ಷ ಕಳೆದ ಹಾಗೆ ಆತ ಆಕಾಶವನ್ನು ಕಪ್ಪು ಮಾಡುತ್ತ ಮಾಡುತ್ತ, ಕಡೆಗೆ ಕಾಡಿಗೆಯಷ್ಟು ಕಪ್ಪು ಮಾಡಿಬಿಟ್ಟ. ಚಿತ್ರ ಜಗತ್ಪ್ರಸಿದ್ಧ. ಇದನ್ನು ಹೇಳಿದರೆ ಅಳಿಯ, “ಮಾವ, ಅವರು ಫೋಟೋ ತೆಗೆದದ್ದು ಮಾತ್ರ ಒಳ್ಳೇ ಬೆಳಕಲ್ಲೇ ಅಲ್ವಾ, ಕಪ್ಪು ಮಾಡಿದ್ದು ಡಾರ್ಕ್‌ರೂಮಿನಲ್ಲಿ” ಎಂದು ಕೊಕ್ಕೆ ಹಾಕುತ್ತಾನೆ. ಹುಡುಗ ಓದಿಕೊಂಡಿದ್ದಾನೆ. ಮಾತಿನಲ್ಲಿ ಹುರುಳೂ ಇದೆ: ರಾ ಫೈಲಿನಲ್ಲಿ ತೆಗೆಯುವವರು ಸ್ಥಳದಲ್ಲಿ ಬೆಳಕು ಧಾರಾಳ ಕೊಟ್ಟು ಮನೆಯಲ್ಲಿ ಕಪ್ಪು ಮಾಡಿಕೊಳ್ಳುವುದೇ ಜಾಣತನ, ಕಪ್ಪಿದ್ದದ್ದನ್ನು ಆಮೇಲೆ ಎತ್ತಲು ಹೋದರೆ ರವೆ ರವೆ ಕಾಣುತ್ತದೆ. ಎಲ್ಲಿ ಕಪ್ಪು ಮಾಡಿದಿರಿ ಎಂಬುದು ನಿಮ್ಮ ಅನುಕೂಲ. ಮಾಡಿ ಅನ್ನುವುದು ನನ್ನ ಹಟ.

ಈಗ ಕೈಗೆ ಮಣ್ಣು ಹತ್ತುವ ಕೆಲಸ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು, ಬಿಂಬ ಫ್ರೇಮಿನಲ್ಲೇ ಇದ್ದರೆ, ನನ್ನ ಆರಂಭ ಹೆಚ್ಚಾಗಿ ಎಫ್/8, ಐಎಸ್‌ಒ 100, ಶಟರ್ 1/250. ಬಿಂಬ ಬೆಳ್ಳಗೆ ಸುಟ್ಟುಹೋಗುತ್ತದೆ, ಹೋಗಲಿ. ಆ ಹೊತ್ತಿನ ಸೂರ್ಯನಿಗೂ ಮರಳಿಗೂ ಇರುವ ಅಂತರವನ್ನು ಯಾವ ಸೆನ್ಸರೂ ಒಂದೇ ಫೋಟೋದಲ್ಲಿ ನುಂಗಲಾರದು. ಸುತ್ತಲಿನ ಆಕಾಶ ಸುಡದಿದ್ದರೆ ಆಯಿತು. ಕೆಳಗಿಳಿದ ಹಾಗೆ ಬಿಂಬವೇ ದಾರಿಗೆ ಬರುತ್ತದೆ. ನೆತ್ತಿಯ ಮೇಲಿದ್ದಾಗಿನದಕ್ಕಿಂತ ಮೂವತ್ತೆಂಟು ಪಟ್ಟು ಗಾಳಿ ದಾಟಿ ಬರಬೇಕಲ್ಲ, ಪಾಪ. ಚಳಿಗಾಲದ ಮಬ್ಬಿನಲ್ಲಿ ಎಷ್ಟೋ ಸಲ ಕಡಲು ಮುಟ್ಟುವ ಮೊದಲೇ ಕುಂಕುಮದ ಬೊಟ್ಟಾಗಿ ಅಳಿಸಿಹೋಗುತ್ತಾನೆ. ದೂರದಿಂದ ಬಂದವರಿಗೆ ನಿರಾಸೆ. ಆಗುಂಬೆಯ ಸೂರ್ಯಾಸ್ತ ನೋಡುವ ಜಾಗದಲ್ಲಿ ಈ ನಿರಾಸೆಯ ಗೊಣಗಾಟ ಕೇಳಬೇಕು ನೀವು. ಮಬ್ಬನ್ನು ಯಾರ ಮೇಲೆ ದೂರುವುದು ಗೊತ್ತಾಗದೆ ಗಾಡಿಯ ಡ್ರೈವರನ ಮೇಲೆ ಹಾಕುತ್ತಾರೆ.

ಅಪರ್ಚರನ್ನು, ಅಂದರೆ ಬೆಳಕು ಒಳಬಿಡುವ ಕಿಂಡಿಯ ಆ ಎಫ್ ಅಂಕಿಯನ್ನು, ಮುಟ್ಟಬಾರದು. ಶಟರನ್ನು ಮಾತ್ರ ಒಂದೊಂದೇ ಮೆಟ್ಟಿಲು, ಒಂದು ಸ್ಟಾಪಿನ ಮೂರನೇ ಒಂದರಷ್ಟು, ನಿಧಾನ ಮಾಡುತ್ತ ಹೋಗಿ ಎರಡು ಸೆಕೆಂಡಿಗೆ ಬಂದೆನೆಂದರೆ ಒಂಬತ್ತು ಸ್ಟಾಪ್ ಮುಗಿಯಿತು. ಐದು ಸೆಕೆಂಡಿಗೊಂದು ಫೋಟೋ ಎಂಬ ಕರಾರು ಇರುವುದರಿಂದ ಇನ್ನೂ ಎಳೆಯುವಂತಿಲ್ಲ. ಫೋಟೋ ಕಾರ್ಡಿಗೆ ಬರೆದುಕೊಳ್ಳಲೂ ಹೊತ್ತು ಬೇಕು. ಅಲ್ಲಿಂದ ಐಎಸ್‌ಒ 200, ಆಮೇಲೆ 400. ಒಟ್ಟು ಹನ್ನೊಂದು. ಅಷ್ಟಕ್ಕೆ ನಾನು ನಿಲ್ಲಿಸುತ್ತೇನೆ. ನಕ್ಷತ್ರದವರೆಗೂ ಎಳೆಯುವವರಿದ್ದಾರೆ, ಅವರು ಬೇರೆ ಜಾತಿ. ಅವರಿಗೆ ಟಾರ್ಚು, ಸೊಳ್ಳೆಬತ್ತಿ, ಮನೆಯವರ ಅಪ್ಪಣೆ ಎಲ್ಲ ಬೇಕು. ಕ್ಯಾಮೆರಾದ ಮೆನುವಿನಲ್ಲಿ ದೀರ್ಘ ಎಕ್ಸ್‌ಪೋಷರಿನ ನಾಯ್ಸ್ ತೆಗೆಯುವ ಸೌಲಭ್ಯ ಒಂದಿದೆ, ಅದನ್ನು ಮೊದಲೇ ಆರಿಸಿಡಿ. ಎರಡು ಸೆಕೆಂಡಿನ ಫೋಟೋ ತೆಗೆದು, ಇನ್ನೆರಡು ಸೆಕೆಂಡು ಮುಚ್ಚಿದ ಶಟರಿನ ಕಪ್ಪು ಫೋಟೋ ತೆಗೆದು, ಒಂದರಿಂದ ಇನ್ನೊಂದನ್ನು ಕಳೆಯುತ್ತ ಕೂರುತ್ತದೆ ಅದು. ಅಷ್ಟರಲ್ಲಿ ಮುಂದಿನ ಫೋಟೋದ ಹೊತ್ತು ತಪ್ಪಿ ವಿಡಿಯೋ ಮುಗ್ಗರಿಸುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರೆ ವಿಡಿಯೋದಲ್ಲಿ ಪ್ರತಿ ಮೆಟ್ಟಿಲಿಗೂ ಆಕಾಶ ಕಣ್ಣು ಮಿಟುಕಿಸಿದ ಹಾಗೆ ಕಾಣುವುದಿಲ್ಲವೇ? ಕಾಣುತ್ತದೆ. ಹಗಲಿನಿಂದ ಇರುಳಿಗೆ ಜಿಗಿತವಿಲ್ಲದೆ ದಾಟುವುದನ್ನು ಈ ಹುಚ್ಚಿನವರು ‘ಹೋಲಿ ಗ್ರೇಲ್’ ಎಂದು ಕರೆದುಕೊಂಡಿದ್ದಾರೆ, ಯೇಸುವಿನ ಪವಿತ್ರ ಪಾತ್ರೆಯನ್ನು ಹುಡುಕುತ್ತ ಹೊರಟ ವೀರರಂತೆ. ಈಗ ಎಲ್ಆರ್‌ಟೈಮ್‌ಲ್ಯಾಪ್ಸ್‌ನಂಥ ತಂತ್ರಾಂಶ ಇದೆ. ಪ್ರತಿ ಫೋಟೋದ ಒಳಗೆ ಶಟರ್, ಐಎಸ್‌ಒ ಎಷ್ಟಿತ್ತೆಂದು ಕ್ಯಾಮೆರಾ ಬರೆದಿಟ್ಟಿರುತ್ತದೆ. ಅದನ್ನು ಓದಿ ಮೆಟ್ಟಿಲುಗಳನ್ನೆಲ್ಲ ಉಜ್ಜಿ ಇಳಿಜಾರು ಮಾಡಿಕೊಡುತ್ತದೆ. ಪಾತ್ರೆ ಸಿಕ್ಕಿತು ಎಂದೇ ಹೇಳಬಹುದು. ಆದರೆ ಹಾಗೆ ಬರೆದಿಟ್ಟ ಅಂಕಿಗಳಲ್ಲಿ ಕಾಣದ ಇನ್ನೊಂದು ಮಿಣುಕಾಟ ಇದೆ. ಅಪರ್ಚರಿನ ಎಸಳುಗಳು ಪ್ರತಿ ಫೋಟೋಕ್ಕೂ ಮುಚ್ಚಿ ತೆರೆಯುತ್ತವೆ, ಪ್ರತಿ ಸಲವೂ ಹಿಂದಿನ ಜಾಗಕ್ಕೇ ಸರಿಯಾಗಿ ಬಂದು ನಿಲ್ಲುವುದಿಲ್ಲ. ಕೂದಲೆಳೆಯ ವ್ಯತ್ಯಾಸ. ಒಂದು ಫೋಟೋದಲ್ಲಿ ಯಾರಿಗೂ ತಿಳಿಯದು. ಇಪ್ಪತ್ತೈದನ್ನು ಒಂದು ಸೆಕೆಂಡಿನಲ್ಲಿ ಓಡಿಸಿದಾಗ ಕೆಟ್ಟ ಟ್ಯೂಬ್‌ಲೈಟು. ಎಫ್/16ರಂಥ ಸಣ್ಣ ಕಿಂಡಿಯಲ್ಲಿ ಅದೇ ಕೂದಲೆಳೆ ದೊಡ್ಡ ಪಾಲಾಗುವುದರಿಂದ ಮಿಣುಕು ಇನ್ನೂ ಜಾಸ್ತಿ. ಅಪರ್ಚರನ್ನು ಪೂರ್ತಿ ತೆರೆದರೆ ಎಸಳು ಅಲುಗಾಡುವ ಪ್ರಶ್ನೆಯೇ ಇಲ್ಲ, ಆದರೆ ಅಷ್ಟು ಬೆಳಕಿಗೆ ಶಟರ್ ತೀರಾ ಚುರುಕಾಗಿ ಅಲೆಗಳು ಗೊಂಬೆಯಾಟದ ಹಾಗೆ ಕುಪ್ಪಳಿಸುತ್ತವೆ. ಅದಕ್ಕೊಂದು ಕಪ್ಪುಗಾಜಿನ ಎನ್‌ಡಿ ಫಿಲ್ಟರ್ ಕೊಳ್ಳಬೇಕು. ಕೆಲವರು ಲೆನ್ಸನ್ನು ಒಂದು ಚೂರು ತಿರುಗಿಸಿ ಕ್ಯಾಮೆರಾದ ಜೊತೆಗಿನ ವಿದ್ಯುತ್ ಸಂಪರ್ಕ ತಪ್ಪಿಸಿ, ಎಸಳು ನಿಂತಲ್ಲೇ ನಿಲ್ಲುವಂತೆ ಮಾಡುತ್ತಾರೆ. ಕಡಲ ಪಕ್ಕದಲ್ಲಿ ಲೆನ್ಸ್ ಸಡಿಲ ಬಿಡುವ ಧೈರ್ಯ ನನಗಿಲ್ಲ. ನನ್ನ ಉಪಾಯ ಹಳೆಯದು: ಕೈಯಿಂದಲೇ ಅಪರ್ಚರ್ ತಿರುಗಿಸುವ ಫಿಲಂ ಕಾಲದ ಲೆನ್ಸ್. ಒಂದು ಅಡಾಪ್ಟರ್ ಹಾಕಿ ಇಂದಿನ ಕ್ಯಾಮೆರಾಕ್ಕೆ ಕೂರಿಸಿದರೆ, ಎಫ್/8ಕ್ಕೆ ಇಟ್ಟದ್ದು ರಾತ್ರಿಯವರೆಗೂ ಎಫ್/8. ಕಪಾಟಿನಲ್ಲಿ ಅಪ್ಪನ ಕಾಲದ್ದು ಬೂಷ್ಟು ಹಿಡಿಯದೆ ಉಳಿದಿದ್ದರೆ ಮಾರಬೇಡಿ.

ಟ್ರೈಪಾಡನ್ನು ಒಣ ಮರಳಿನಲ್ಲಿ ಆಳಕ್ಕೆ ಒತ್ತಿ ಊರಬೇಕು, ಆಗದಿದ್ದರೆ ಬಂಡೆಯ ಮೇಲೆ. ಹಸಿ ಮರಳಿನಲ್ಲಿಟ್ಟರೆ ಹಿಂದೆ ಸರಿಯುವ ಪ್ರತಿ ಅಲೆಯೂ ಕಾಲಡಿಯ ಮರಳನ್ನು ಎಳೆದೊಯ್ದು, ವಿಡಿಯೋದಲ್ಲಿ ಸೂರ್ಯ ಮುಳುಗುವುದರ ಬದಲು ಅರಬ್ಬೀ ಸಮುದ್ರವೇ ವಾಲುತ್ತದೆ.

ಇನ್ನು ಮದುವೆಗೆ ಮೊದಲಿನ ಫೋಟೋಶೂಟ್‌ನವರು. ಸಂಜೆಯ ಮರವಂತೆಯಲ್ಲಿ ಇವರಿಗೂ ನನಗೂ ಜಾಗದ ತಗಾದೆ ಇದ್ದದ್ದೇ. ನಾನು ಬಯಸುವುದು ಯಾರೂ ಇಲ್ಲದ ಕಡಲು, ಅವರು ಬಯಸುವುದು ಇಬ್ಬರೇ ಇರುವ ಕಡಲು. ಫೋಟೋಗ್ರಾಫರ್ ಹುಡುಗ “ಲೈಟ್ ಹೋಗ್ತಾ ಇದೆ ಅಕ್ಕ, ಸ್ವಲ್ಪ ನಗಿ” ಎಂದು ಕೂಗುವುದು ಕೇಳಿದರೆ ಮಾತ್ರ ನನಗೆ ಅವನ ಮೇಲೆ ಅಕ್ಕರೆ ಉಕ್ಕುತ್ತದೆ. ಮೂರು ನಿಮಿಷಕ್ಕೊಂದು ಸ್ಟಾಪ್ ಎಂಬುದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಆ ದಂಡೆಯಲ್ಲಿ ಇನ್ನೊಬ್ಬರಿಲ್ಲ. ಜಾಗ ಅವನಿಗೇ ಬಿಟ್ಟು ನಾನು ಕ್ಯಾಮೆರಾವನ್ನು ಹಿಂದಕ್ಕೆ ತಿರುಗಿಸಿಕೊಳ್ಳುತ್ತೇನೆ.

ಮರವಂತೆಯ ಸೌಭಾಗ್ಯವೇ ಅದು. ಪಡುವಣಕ್ಕೆ ಕಡಲು, ನಡುವೆ ಹೆದ್ದಾರಿ, ರಸ್ತೆಯ ಆಚೆ ಮೂಡಣಕ್ಕೆ ಸೌಪರ್ಣಿಕಾ ಹೊಳೆ, ಅದರಾಚೆ ಕೊಡಚಾದ್ರಿಯ ಸಾಲು. ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ನಿಂತಿರುವಾಗ ಪೂರ್ವದಲ್ಲಿ ಇನ್ನೊಂದು ಆಟ ನಡೆದಿರುತ್ತದೆ. ಸೂರ್ಯ ಮುಳುಗಿದ ಕೂಡಲೇ ಬೆಟ್ಟದ ಹಿಂದಿನಿಂದ ಒಂದು ನೀಲಿಬೂದು ಪಟ್ಟಿ ಮೇಲೇಳುತ್ತದೆ, ಅದರ ತಲೆಯ ಮೇಲೊಂದು ತಿಳಿಗುಲಾಬಿ ಪಟ್ಟಿ. ಕೆಳಗಿನದು ಭೂಮಿಯ ನೆರಳು: ನಾವು ನಿಂತ ಈ ಗೋಲದ ನೆರಳು ಗಾಳಿಯ ಮೇಲೆ ಬಿದ್ದು ಏರುವುದು. ಮೇಲಿನ ಗುಲಾಬಿಗೆ ಇಂಗ್ಲಿಷಿನವರು ವೀನಸ್‌ನ ಸೊಂಟಪಟ್ಟಿ ಎಂದು ಹೆಸರಿಟ್ಟಿದ್ದಾರೆ. ಹತ್ತು ಹದಿನೈದು ನಿಮಿಷದಲ್ಲಿ ನೆರಳು ಗುಲಾಬಿಯನ್ನು ನುಂಗಿ ಮೇಲೆ ಹೋಗಿ ರಾತ್ರಿಯಲ್ಲಿ ಬೆರೆತುಬಿಡುತ್ತದೆ. ಬರಿಗಣ್ಣಿಗೆ ಅದು ಏರುವುದು ತಿಳಿಯದು. ಟೈಮ್‌ಲ್ಯಾಪ್ಸಿನಲ್ಲಿ ಪರದೆ ಎಳೆದಷ್ಟು ಸ್ಪಷ್ಟ. ಎಕ್ಸ್‌ಪೋಷರಿನ ದೃಷ್ಟಿಯಿಂದಲೂ ಇದು ಸುಲಭದ ಸಂಸಾರ. ಕಣ್ಣು ಕುಕ್ಕುವ ಬಿಂಬವಿಲ್ಲ, ಆಕಾಶಕ್ಕೂ ನೀರಿಗೂ ಬೆಳಕಿನ ಅಂತರ ಕಡಿಮೆ, ಹಿಸ್ಟೋಗ್ರಾಮ್ ನಡುವಿನಲ್ಲಿ ತಣ್ಣಗೆ ಕೂತಿರುತ್ತದೆ. ಹೊಸಬರು ಕಲಿಯಲು ಇಲ್ಲಿಂದಲೇ ಶುರುಮಾಡಬೇಕು ಎಂಬುದು ನನ್ನ ಅಭಿಪ್ರಾಯ, ಯಾರೂ ಕೇಳುವುದಿಲ್ಲ. ಸೂರ್ಯನಿಲ್ಲದ ಸೂರ್ಯಾಸ್ತ ಯಾರಿಗೆ ಬೇಕು?

ಫೋನಿನಲ್ಲೇ ಟೈಮ್‌ಲ್ಯಾಪ್ಸ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳುವವರು ಇದ್ದಾರೆ. ಅವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎರಡು ಮಾತು ಮಾತ್ರ ಹೇಳುತ್ತೇನೆ. ಫೋನನ್ನು ಕೈಯಲ್ಲಿ ಹಿಡಿಯದೆ ಯಾವುದಕ್ಕಾದರೂ ಒರಗಿಸಿ ಇಡಿ. ಮತ್ತೆ, ಸೂರ್ಯ ಮುಳುಗಲು ಹತ್ತು ನಿಮಿಷ ಇರುವಾಗ ಬಿಂಬದ ಪಕ್ಕದ ಆಕಾಶದ ಮೇಲೆ ಬೆರಳಿಟ್ಟು ಒತ್ತಿ ಹಿಡಿದು ಎಕ್ಸ್‌ಪೋಷರನ್ನು ಲಾಕ್ ಮಾಡಿ. ಆಮೇಲೆ ಮುಟ್ಟಬೇಡಿ. ವಿಡಿಯೋ ಕೊನೆಗೆ ಕಪ್ಪಾಗುತ್ತದೆ. ಆಗಲಿ ಬಿಡಿ, ಹೊರಗೂ ಕಪ್ಪಾಗಿರುತ್ತದೆ. ಗ್ರೇಸ್ ಮಾರ್ಕ್ಸ್ ಮೇಷ್ಟ್ರು ಹೊರಗೆ ಹೋದರೆ ಸಾಮಾನ್ಯ ಫೋನೂ ಚೆನ್ನಾಗಿ ಓದುತ್ತದೆ.

ಮಳೆಗಾಲದಲ್ಲಿ ಇವೆಲ್ಲಕ್ಕೂ ರಜ. ಜೂನಿನಿಂದ ಸೂರ್ಯ ಎಲ್ಲಿ ಮುಳುಗುತ್ತಾನೆಂದು ಪಂಚಾಂಗ ನೋಡಿಯೇ ನಂಬಬೇಕು. ಆಗ ಅಳಿಯನ ಸರದಿ, ಅವನಿಗೆ ರಾತ್ರಿಯೇ ಇರುವುದಿಲ್ಲ. ಡಿಸೆಂಬರಿನಲ್ಲಿ ಲೆಕ್ಕ ತಿರುಗುಮುರುಗು. ನನಗೆ ಆರು ಗಂಟೆಗೆ ಸರಿಯಾಗಿ ಬೆಳ್ಳನೆಯ ಆಕಾಶದಲ್ಲಿ ಕೆಂಪು ಬಿಂಬ. ಅವನ ಸ್ಟಾಕ್‌ಹೋಮಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ಏಳೆಂಟು ಡಿಗ್ರಿಯಷ್ಟೇ ಮೇಲೆ ಏಳುತ್ತಾನೆ, ಮೂರು ಗಂಟೆ ಹೊಡೆಯುವ ಮೊದಲೇ ಮುಳುಗಿ ಆಗಿರುತ್ತದೆ. ಹೊರಗೆ ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆಂದು ಅವನು ಆಫೀಸಿನ ಕಿಟಕಿಯಿಂದಲೇ ತೆಗೆಯಲು ಹೊರಟಿದ್ದಾನೆ. ಕಳೆದ ವಾರ ಕಳಿಸಿದ ವಿಡಿಯೋದಲ್ಲಿ ಎಕ್ಸ್‌ಪೋಷರ್ ಬಹಳ ನಾಜೂಕಾಗಿತ್ತು. ನಾನು ಹೇಳಿದ್ದಕ್ಕಿಂತಲೂ ಕಪ್ಪಾಗಿಯೇ ಮುಗಿಸಿದ್ದ. ಆದರೆ ಹೊರಗೆ ಕತ್ತಲಾದ ಹಾಗೆ ಒಳಗಿನ ಟ್ಯೂಬ್‌ಲೈಟು, ಕಾಫಿ ಮಷೀನು, ನಡುವೆ ಎದ್ದು ಬಂದು ಬ್ಯಾಗ್ ಹುಡುಕುವ ಸಹೋದ್ಯೋಗಿ ಎಲ್ಲ ಗಾಜಿನಲ್ಲಿ ಮೂಡಿ, ಬಾಲ್ಟಿಕ್ ಸಮುದ್ರದ ಆಕಾಶದಲ್ಲಿ ಓಡಾಡುತ್ತಿದ್ದರು. ಲೆನ್ಸಿನ ಸುತ್ತ ಕರಿ ಬಟ್ಟೆ ಕಟ್ಟಿ ಗಾಜಿಗೆ ಒತ್ತಿ ಇಡು ಎಂದು ಬರೆದಿದ್ದೇನೆ. “ಕರಿ ಬಟ್ಟೆ ಇಲ್ಲ ಮಾವ, ಅಮ್ಮ ಕಳಿಸಿದ ಕರಿ ಶಾಲು ಇದೆ” ಎಂದಿದ್ದಾನೆ. ನಡೆಯುತ್ತದೆ, ಜರಿಯ ಅಂಚನ್ನು ಹೊರಗೆ ಮಡಚು ಅಂದೆ.